ಉಳಿದ ಹನ್ನೊಂದು ಚೀಟಿಗಳು

ಕಳೆದ ಡಿಸೆಂಬರಿನಲ್ಲಿ ಅಕ್ಕನನ್ನು ನೋಡಲು ಲಿಂಗಸುಗೂರಿನಿಂದ ಮಸ್ಕಿಗೆ ಹೋಗಿದ್ದೆ. ಬಸ್ ಇಳಿದು ನಮ್ಮ ಓಣಿಗೆ ತಿರುಗುತ್ತಿದ್ದಂತೆ ಹಸಿ ಸುಣ್ಣದ ವಾಸನೆ ಬಂತು. ಕ್ರಿಸ್‌ಮಸ್ಸಿಗೆ ಮೊದಲು ಚರ್ಚಿಗೆ ಸುಣ್ಣ ಬಳಿಯುವುದು ನಮ್ಮವರ ರೂಢಿ. ಊರೆಲ್ಲ ಡಬ್ಬಿಯ ಬಣ್ಣಕ್ಕೆ ಬದಲಾಗಿದ್ದರೂ ನಮ್ಮ ಸಭೆಯವರು ಸುಣ್ಣ ಬಿಟ್ಟಿಲ್ಲ. ತಾವೇ ನೆನೆಸುತ್ತಾರೆ, ತಾವೇ ಬಳಿಯುತ್ತಾರೆ, ಅರ್ಧ ಗೋಡೆಗೆ, ಅರ್ಧ ಒಬ್ಬರ ಮೈಮೇಲೊಬ್ಬರು. ಅವರಿಗೆ ಆ ವಾಸನೆ ಎಂದರೆ ಹಬ್ಬ. ನಾನು ಮಾತ್ರ ಸೆರಗು ಮೂಗಿಗೆ ಹಿಡಿದು ಬೇಗ ದಾಟಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಇಂಥದೇ ಒಂದು ಡಿಸೆಂಬರಿನಲ್ಲಿ, ಇದೇ ವಾಸನೆಯ ನಡುವೆ ಕುಳಿತು ನಾನು ಮಾಡಿದ ಒಂದು ಕೆಲಸ ಅದಕ್ಕೆ ಕಾರಣ. ಇಷ್ಟು ದಿನ ಅದನ್ನು ಬರೆಯಲು ಧೈರ್ಯವಾಗಿರಲಿಲ್ಲ.

ಹೊಸ ವರ್ಷದ ವಾಗ್ದಾನ ಎಂದರೇನೆಂದು ನಮ್ಮವರಲ್ಲದವರಿಗೆ ಮೊದಲು ಹೇಳಬೇಕು. ಜನವರಿ ಒಂದರಂದು ಆರಾಧನೆ ಮುಗಿದ ಮೇಲೆ ಒಂದು ಹಿತ್ತಾಳೆ ತಟ್ಟೆಯಲ್ಲಿ ಸುರುಳಿ ಸುತ್ತಿದ ಚೀಟಿಗಳು ಬರುತ್ತವೆ. ಒಂದೊಂದರಲ್ಲಿ ವೇದದ, ಅಂದರೆ ಬೈಬಲ್ಲಿನ, ಒಂದೊಂದು ವಾಕ್ಯ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಪ್ರಾರ್ಥಿಸಿ ಒಂದು ತೆಗೆದುಕೊಳ್ಳಬೇಕು. ಬಂದ ವಾಕ್ಯವೇ ಆ ವರ್ಷ ದೇವರು ನಿಮಗೆ ಕೊಟ್ಟ ಮಾತು. ಕೆಲವರು ಅದನ್ನು ಗೋಡೆಗೆ ಅಂಟಿಸುತ್ತಾರೆ, ಕೆಲವರು ಅಲಮಾರಿಯಲ್ಲಿ ಸೀರೆಗಳ ನಡುವೆ ಇಡುತ್ತಾರೆ, ವರ್ಷವಿಡೀ ನಡೆದದ್ದನ್ನೆಲ್ಲ ಅದಕ್ಕೆ ಹೊಂದಿಸಿ ನೋಡುತ್ತಾರೆ. ದೊಡ್ಡ ಊರಿನ ಸಭೆಗಳಲ್ಲಿ ಈಗ ಅಚ್ಚು ಹಾಕಿಸಿದ ಕಾರ್ಡು ಬರುತ್ತದೆ. ಮಸ್ಕಿಯ ನಮ್ಮ ಸಣ್ಣ ಸಭೆಯಲ್ಲಿ ಕೈಯಲ್ಲೇ ಬರೆಯುತ್ತಿದ್ದೆವು. ಬರೆಯುತ್ತಿದ್ದವಳು ನಾನು. ನನ್ನ ಅಕ್ಷರ ದುಂಡಗಿತ್ತು, ಅದೊಂದೇ ನನ್ನ ಹೆಚ್ಚುಗಾರಿಕೆ.

ಚೀಟಿಗೆ ಬೇಕಾದ ದಪ್ಪ ಕಾಗದ ಬರುತ್ತಿದ್ದದ್ದು ಪಕ್ಕದ ಮನೆಯ ಗೌರಕ್ಕನಿಂದ. ಅವರು ಲಿಂಗವಂತರು, ಬಂಧುಬಳಗ ದೊಡ್ಡದು. ವರ್ಷಪೂರ್ತಿ ಅವರ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ನನಗಾಗಿ ಎತ್ತಿಡುತ್ತಿದ್ದರು. ನಾನು ಅವುಗಳ ಖಾಲಿ ಬದಿಯನ್ನು ಕತ್ತರಿಸಿ ಬರೆಯುತ್ತಿದ್ದೆ. ಒಮ್ಮೆ ಒಬ್ಬರ ವಾಗ್ದಾನದ ಹಿಂದೆ ಬಸವಣ್ಣನ ಅರ್ಧ ಕೊಂಬು ಉಳಿದುಬಿಟ್ಟು ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರು, ನನ್ನನ್ನು ಕರೆದು ಬೈದಿದ್ದರು. ಗೌರಕ್ಕನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನಾನು ಹೇಳಹೊರಟ ಆ ವರ್ಷ ಮನೆಯಲ್ಲಿ ಮೂವರು ಇದ್ದೆವು: ಅವ್ವ, ಶಾಂತಕ್ಕ, ನಾನು. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಹತ್ತಿರ ಒಂದು ಗಾಯ ಮಾಯದೇ ಉಳಿದಿತ್ತು. ದಿನಾ ಬೆಳಿಗ್ಗೆ ಅದನ್ನು ತೊಳೆದು ಪಟ್ಟಿ ಕಟ್ಟುವುದು ಅಕ್ಕನ ಕೆಲಸ. ಅಕ್ಕ ಮಸ್ಕಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಇಂಜೆಕ್ಷನ್ ಕೊಡುತ್ತಿದ್ದಳು, ಸಲೈನ್ ಹಚ್ಚುತ್ತಿದ್ದಳು, ಊರವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆದರೆ ಅವಳ ಹತ್ತಿರ ಸರ್ಟಿಫಿಕೇಟು ಇರಲಿಲ್ಲ. ನಿಜವಾದ ನರ್ಸ್ ಆಗಬೇಕೆಂಬುದು ಅವಳ ಒಂದೇ ಆಸೆ. ಅದಕ್ಕಾಗಿ ಕೆಲಸ ಮಾಡುತ್ತಲೇ ಮೂವತ್ತು ದಾಟಿದ ಮೇಲೆ ಪಿಯುಸಿ ಕಟ್ಟಿ ಪಾಸಾಗಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಟ್ರೇನಿಂಗ್" ಎಂದು ಕೈ ಅಡ್ಡ ಹಿಡಿಯುತ್ತಿದ್ದಳು.

ಆ ಡಿಸೆಂಬರಿನಲ್ಲಿ ದೂರದ ಊರಿನ ಒಂದು ಮಿಶನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯಿಂದ ಅವಳಿಗೆ ಪತ್ರ ಬಂತು. ಸೀಟು ಇದೆ, ಊಟ ವಸತಿ ಅವರದೇ, ಫೆಬ್ರುವರಿಯೊಳಗೆ ಒಪ್ಪಿಗೆ ತಿಳಿಸಬೇಕು, ಜೂನ್‌ನಲ್ಲಿ ಬಂದು ಸೇರಬೇಕು, ಓದು ಮೂರು ವರ್ಷ. ಮೂವತ್ತೈದು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಅಕ್ಕನಿಗೆ ಆಗ ಮೂವತ್ತನಾಲ್ಕು. ಈ ವರ್ಷ ತಪ್ಪಿದರೆ ಇನ್ನೊಂದಿಲ್ಲ.

ನನಗೆ ಇಪ್ಪತ್ತಾರು. ಮುಕ್ಕುಂದದ ಸಂಪತ್ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಅವರು ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಮೆಕ್ಯಾನಿಕ್. ಮೇ ತಿಂಗಳಲ್ಲಿ ಮದುವೆ ಎಂದು ಎರಡೂ ಕಡೆ ಮಾತಾಗಿತ್ತು. ಅಕ್ಕ ಜೂನ್‌ನಲ್ಲಿ ಹೊರಟರೆ ಅವ್ವನ ಜೊತೆ ಇರುವವರು ಯಾರು? ಮೂರು ವರ್ಷ ಕಾಯಿರಿ ಎಂದು ಸಂಪತ್ ಅವರ ಮನೆಯವರಿಗೆ ಹೇಳಲು ನನಗೆ ಬಾಯಿ ಇರಲಿಲ್ಲ. ಹೇಳಿದ್ದರೂ ಅವರು ಕಾಯುವವರಲ್ಲ. ಅವ್ವನನ್ನು ನನ್ನ ಜೊತೆ ಕರೆದೊಯ್ಯುವ ಮಾತು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲಿಲ್ಲ.

ಪತ್ರ ಬಂದ ದಿನದಿಂದ ಅಕ್ಕ ಹಗಲೂ ರಾತ್ರಿ ಪ್ರಾರ್ಥನೆಗೆ ಕುಳಿತಳು. ನಗುವವಳು ನಗುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಲಗ್ನಪತ್ರಿಕೆ ಕತ್ತರಿಸುತ್ತಾ ಕುಳಿತಿದ್ದಾಗ ಬಂದು ಪಕ್ಕದಲ್ಲಿ ಕುಳಿತಳು.

"ಕರುಣಾ, ನನ್ನ ಮನಸ್ಸಿಗೆ ಬಿಟ್ರ ನಾ ಹೋಗೇ ಹೋಗ್ತೀನಿ," ಎಂದಳು. "ಅದಕ್ಕ ನನ್ನ ಮನಸ್ಸಿಗೆ ಬಿಡಾಂಗಿಲ್ಲ. ಈ ಸಲ ವಾಗ್ದಾನದಾಗ ಏನು ಬರ್ತೈತೋ ಅದ. ಹೋಗು ಅನ್ನಾಂಗ ಇದ್ರ ಹೋಗ್ತೀನಿ. ಇರು ಅನ್ನಾಂಗ ಇದ್ರ ಇರ್ತೀನಿ. ಮತ್ತ ಆ ಮಾತು ಎತ್ತಾಂಗಿಲ್ಲ."

"ಚೀಟಿ ನೋಡಿ ಇಂಥದನ್ನ ತೀರ್ಮಾನ ಮಾಡ್ತಾರೇನಕ್ಕಾ?" ಎಂದೆ.

"ಚೀಟಿ ನೋಡಿ ಅಲ್ಲಬೇ. ದೇವರನ್ನ ಕೇಳಿ."

ನನ್ನ ಕೈಯಲ್ಲಿ ಕತ್ತರಿ ಇತ್ತು. ಹೊರಗೆ ಚರ್ಚಿಗೆ ಬಳಿಯಲು ಸುಣ್ಣ ನೆನೆಸಿದ್ದರು, ಅದರ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು. ಆಗಲೇ ನನಗೆ ಆ ಯೋಚನೆ ಬಂದದ್ದು. ಸೈತಾನ ಬಂದು ಕಿವಿಯಲ್ಲಿ ಹೇಳಿದ ಎಂದು ಬರೆದರೆ ನನಗೆ ಸುಲಭ. ಯಾರೂ ಬಂದು ಹೇಳಲಿಲ್ಲ. ನನಗೆ ನನ್ನ ಮದುವೆ ಬೇಕಾಗಿತ್ತು, ಅಷ್ಟೇ.

ಅವಸರ ಮಾಡಬೇಡ, ಇದ್ದಲ್ಲೇ ಇದ್ದು ಕಾದುಕೋ, ನಿನ್ನ ದಾರಿಯನ್ನು ನನ್ನ ಕೈಗೆ ಬಿಡು ಎಂಬ ಅರ್ಥದ ವಾಕ್ಯವೊಂದನ್ನು ಹುಡುಕಿದೆ. ಹುಡುಕುವುದೇನು, ಅಂಥವು ಬೇಕಾದಷ್ಟಿವೆ. ಅದನ್ನು ಮೂರು ಚೀಟಿಯಲ್ಲಿ ಬರೆದೆ. ಒಂದು ಸಾಕಿತ್ತು. ಆದರೆ ಅಕ್ಕ ಕೂರುವ ಸಾಲಿನಲ್ಲಿ ತಡವಾಗಿ ಬಂದ ಇನ್ನೊಬ್ಬಿಬ್ಬರು ಇರುತ್ತಾರೆ, ಅವರ ಕೈಗೆ ಅದು ಹೋಗಿಬಿಟ್ಟರೆ ಎಂಬ ಹೆದರಿಕೆ. ಕಳ್ಳತನ ಮಾಡುವವರು ನನ್ನಷ್ಟು ಲೆಕ್ಕಾಚಾರ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಮೂರನ್ನೂ ಸುತ್ತಿ ನನ್ನ ಕೈಚೀಲದೊಳಗೆ ಇಟ್ಟುಕೊಂಡೆ. ಉಳಿದ ನಲವತ್ತು ಹೆಂಗಸರ ತಟ್ಟೆಗೆ. ಗಂಡಸರದು ಬೇರೆ ತಟ್ಟೆ.

ನಮ್ಮ ಸಭೆಗೆ ಹೊಸ ವರ್ಷದ ಆರಾಧನೆ ಬೆಳಿಗ್ಗೆ ಹತ್ತಕ್ಕೆ. ಅಯ್ಯನವರು ಸಿಂಧನೂರಿನ ಆರಾಧನೆ ಮುಗಿಸಿಕೊಂಡು ಬರಬೇಕಿತ್ತು. ಅಕ್ಕ ಅವ್ವನ ಪಟ್ಟಿ ಕಟ್ಟಿ ಬರುವಷ್ಟರಲ್ಲಿ ಯಾವಾಗಲೂ ತಡ, ಹಾಗಾಗಿ ಬಾಗಿಲ ಹತ್ತಿರ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ಎಸ್ತೇರಮ್ಮ, ನಮ್ಮ ಓಣಿಯ ಮುದುಕಿ. ಆಕೆಯ ಮಗಳು ಜಗಳಾಡಿ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು, ಸುದ್ದಿಯೇ ಇರಲಿಲ್ಲ. ಆ ಬೆಳಿಗ್ಗೆ ಕೊನೆಯ ಸಾಲಿನಲ್ಲಿ ಅವರಿಬ್ಬರೇ.

ತಟ್ಟೆ ಹಿಡಿದು ನಾನು ಮುಂದಿನಿಂದ ಹಿಂದಕ್ಕೆ ಬಂದೆ. ಎಲ್ಲರೂ ಕಣ್ಣು ಮುಚ್ಚಿ ಒಂದೊಂದು ಎತ್ತಿಕೊಂಡರು. ಕೊನೆಯ ಸಾಲಿಗೆ ಮೊದಲು ಒಂದು ಕಂಬ ಇದೆ. ಅದರ ಮರೆಯಲ್ಲಿ ನಿಂತು ತಟ್ಟೆಯಲ್ಲಿ ಉಳಿದಿದ್ದ ಚೀಟಿಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು, ಚೀಲದೊಳಗಿನ ಮೂರನ್ನು ತಟ್ಟೆಗೆ ಹಾಕಿದೆ. ಎರಡು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಎಸ್ತೇರಮ್ಮ ಒಂದು ತೆಗೆದುಕೊಂಡಳು. ಅಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ಕೈ ಚಾಚಲೇ ಇಲ್ಲ. ಅವಳ ತುಟಿ ಅಲುಗುತ್ತಿತ್ತು, ರೆಪ್ಪೆಯ ಅಂಚಿನಲ್ಲಿ ನೀರಿತ್ತು. ಆಗ ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ.

ಅವಳು ಬಿಚ್ಚಿ ಓದಿದಳು. ಮುಖ ಸಪ್ಪಗಾದದ್ದು ಒಂದೇ ಕ್ಷಣ. ಆಮೇಲೆ ಮಡಚಿ ಎದೆಗೆ ಒತ್ತಿಕೊಂಡು ತಲೆ ಬಾಗಿಸಿದಳು.

ಮುಂದೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಎಸ್ತೇರಮ್ಮನಿಗೆ ಓದು ಬಾರದು. ತನ್ನ ಚೀಟಿಯನ್ನು ಅಕ್ಕನ ಕೈಗೆ ಕೊಟ್ಟು "ಏನೈತಿ ಓದಿ ಹೇಳಬೇ" ಅಂದಳು. ಸಿಕ್ಕಿಬಿದ್ದೆ ಅಂದುಕೊಂಡೆ. ಒಂದೇ ವಾಕ್ಯ, ಒಂದೇ ಅಕ್ಷರ, ಒಂದೇ ನೀಲಿ ಸ್ಕೆಚ್ ಪೆನ್. ಅಕ್ಕ ಎರಡನ್ನೂ ಜೋಡಿಸಿ ಹಿಡಿದು ನೋಡಿದಳು. ಅವಳ ಮುಖ ಅರಳಿತು.

"ಎಸ್ತೇರಮ್ಮಾ, ಇಬ್ಬರಿಗೂ ಒಂದ ಮಾತು ಕೊಟ್ಟಾನ ನೋಡು," ಎಂದಳು. "ನನ್ನ ಮನಸ್ಸಿನಾಗ ಒಂದೀಟು ಅನುಮಾನ ಇತ್ತು. ಎರಡು ಸಲ ಹೇಳಿ ಅದನ್ನೂ ತೆಗೆದುಹಾಕ್ಯಾನ."

"ಹಂಗಾರ ನನ್ನ ಮಗಳು ಬರ್ತಾಳ?" ಎಂದಳು ಎಸ್ತೇರಮ್ಮ.

"ಕಾಯಿ ಅಂದಾನ. ಕಾಯೂಣು," ಎಂದಳು ಅಕ್ಕ.

ನನ್ನ ಮೋಸದ ಗುರುತೇ ಅವರಿಗೆ ದೇವರ ಮುದ್ರೆಯಾಯಿತು. ಮನೆಗೆ ಬಂದು, ಚೀಲದೊಳಗಿದ್ದ ಚೀಟಿಗಳನ್ನು ಒಂದನ್ನೂ ಬಿಚ್ಚದೆ ಬಚ್ಚಲ ಒಲೆಗೆ ಹಾಕಿದೆ. ಹಾಕುವಾಗ ಎಣಿಸಿದ್ದೆ. ನನ್ನ ಮೋಸದ ಮೂರರಲ್ಲಿ ಮಿಕ್ಕಿದ್ದ ಒಂದನ್ನು ಬಿಟ್ಟು ಹನ್ನೊಂದು. ಅವ್ವನ ಸ್ನಾನಕ್ಕೆ ನೀರು ಕಾಯಲು ಅವೂ ಉರಿದವು.

ಫೆಬ್ರುವರಿಯಲ್ಲಿ ಅಕ್ಕ ಆ ಶಾಲೆಗೆ ಪತ್ರ ಬರೆದಳು. ಬರಲಾಗುವುದಿಲ್ಲ, ದೇವರ ಚಿತ್ತ ಬೇರೆ ಇದೆ, ನನ್ನ ಸೀಟನ್ನು ಬೇರೆ ಹುಡುಗಿಗೆ ಕೊಡಿ ಎಂದು. ದವಾಖಾನೆಗೆ ಹೋಗುವ ಅವಸರದಲ್ಲಿ ಅದನ್ನು ಅಂಚೆಗೆ ಹಾಕುವ ಕೆಲಸ ನನಗೆ ಕೊಟ್ಟಳು. ಲಕೋಟೆ ಹಿಡಿದು ಹೊರಟಾಗ ಗೌರಕ್ಕ ಕಟ್ಟೆಯ ಮೇಲೆ ಕುಳಿತಿದ್ದರು. ಅಕ್ಕ ಅವರಿಗೂ ಎಲ್ಲ ಹೇಳಿಕೊಂಡಿದ್ದಳು.

"ನಮ್ಮಲ್ಲಿ ದೇವರ ಮ್ಯಾಲೆ ಹೂವು ಇಟ್ಟು ಕೇಳ್ತೀವಿ ನೋಡವಾ," ಎಂದರು ಗೌರಕ್ಕ. "ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಅಲ್ಲ. ನಿಮ್ಮಲ್ಲಿ ಚೀಟಿ. ಎಲ್ಲಾ ಒಂದ. ಆದ್ರ ನಮ್ಮತ್ತಿ ಭಾಳ ಶ್ಯಾಣೆ ಇದ್ಲು. ಹೂವು ಬೀಳೂತನಕ ಪೂಜಾರಿನ್ನ ಗುಡಿಕಟ್ಟಿ ಕೆಳಗ ಕೂಡ್ರಸತಿದ್ಲು. ಅವನ ಕೈ ದೂರ ಇರಬೇಕು ಅಂತಿದ್ಲು."

ಅವರು ಸುಮ್ಮನೆ ಹರಟೆಗೆ ಹೇಳಿದ ಮಾತು. ನಾನು ಲಕೋಟೆಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ನಡೆದೆ. ಅಂಚೆ ಡಬ್ಬದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಮಸ್ಕಿ ಗುಡ್ಡದ ಮೇಲೆ ಬಿಸಿಲು ಏರುತ್ತಿತ್ತು, ಸಂತೆಗೆ ಹೋಗುವ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಪತ್ರ ಹರಿದುಹಾಕಿ ಅಕ್ಕನ ಹೆಸರಿನಲ್ಲಿ ಒಪ್ಪಿಗೆ ಬರೆದು ಹಾಕಿಬಿಡಲೇ ಎಂದೂ ಯೋಚಿಸಿದೆ. ಅದೂ ಇನ್ನೊಂದು ಮೋಸ. ಮನೆಗೆ ಹೋಗಿ ಖರೆ ಹೇಳಲೇ ಎಂದು ಮಾತ್ರ ಯೋಚಿಸಲಿಲ್ಲ. ಕೊನೆಗೆ ಲಕೋಟೆಯನ್ನು ಡಬ್ಬಕ್ಕೆ ಹಾಕಿ ಬಂದೆ.

ಮೇ ತಿಂಗಳಲ್ಲಿ ಸಿಂಧನೂರಿನಲ್ಲಿ ನನ್ನ ಮದುವೆಯಾಯಿತು. ಆ ಬೇಸಿಗೆ ಕೆಂಡದಂತಿತ್ತು. ಕಾಲುವೆ ಒಣಗಿ ತಳದ ಕಲ್ಲು ಕಾಣುತ್ತಿತ್ತು, ಪೆಂಡಾಲಿನ ಕೆಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಅಕ್ಕ ಅವ್ವನನ್ನು ಬಾಡಿಗೆ ಗಾಡಿಯಲ್ಲಿ ಮಲಗಿಸಿಕೊಂಡು ಬಂದು, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಕಾಲಿನ ಕೆಳಗೆ ದಿಂಬು ಇಟ್ಟಿದ್ದಳು. ಬಂದ ಬೀಗರೆಲ್ಲ "ದೊಡ್ಡಾಕಿದು ಯಾವಾಗ?" ಎಂದು ಕೇಳಿದರೆ ನಗುತ್ತಾ ಚೀಟಿಯ ಕತೆ ಹೇಳುತ್ತಿದ್ದಳು. ನಾನು ಹೂವಿನ ಭಾರಕ್ಕೆ ತಲೆ ಬಾಗಿಸಿದ್ದೇನೆಂದು ಎಲ್ಲರೂ ತಿಳಿದರು. ಕಳಿಸುವಾಗ ನನ್ನ ಕೆನ್ನೆ ಹಿಡಿದು, "ಅವ್ವನ ಚಿಂತಿ ಬಿಡು. ನಾ ಇದೀನಲ್ಲ," ಎಂದಳು. ನಾನು ಅತ್ತೆ. ಅತ್ತದ್ದು ತವರು ಬಿಡುವ ದುಃಖಕ್ಕೆ ಎಂದು ಆಕೆಯೂ ಅತ್ತಳು.

ಸಿಂಧನೂರಿನಲ್ಲಿ ನಾನು ಸುಖವಾಗಿಯೇ ಇದ್ದೆ. ಇದನ್ನು ಮುಚ್ಚಿಡಬಾರದು. ಸಂಪತ್ ಒಳ್ಳೆಯವರು. ಸಂಜೆ ಮಿಲ್ಲಿನಿಂದ ಬಂದಾಗ ಅವರ ಅಂಗಿಯ ತುಂಬ ತೌಡಿನ ವಾಸನೆ, ಬಾಯಿ ತುಂಬ ಮಾತು. ಪಾಪ ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ನನಗೆ ಚೆನ್ನಾಗಿ ಬರುತ್ತಿತ್ತು. ಭಾನುವಾರ ಅಕ್ಕ ಫೋನ್ ಮಾಡಿದಾಗ ಮಾತ್ರ ಬೇಗ ಮುಗಿಸಿಬಿಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಮಸ್ಕಿಯ ಹಳ್ಳ ತುಂಬಿ ಎರಡು ದಿನ ಬಸ್ಸುಗಳು ನಿಂತವು. ಅದೇ ವಾರ ಅವ್ವನ ಹೆಬ್ಬೆರಳು ಕಪ್ಪಾಯಿತು. ಅಕ್ಕ ನೋಡಿದ ಕೂಡಲೇ ತಿಳಿದುಕೊಂಡಳು. ನೀರು ಇಳಿದ ತಕ್ಷಣ ಲಿಂಗಸುಗೂರಿಗೆ, ಅಲ್ಲಿಂದ ರಾಯಚೂರಿಗೆ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ನಾನು ಹೋಗುವಷ್ಟರಲ್ಲಿ ಅವ್ವನಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ, ಅಕ್ಕನದು ಮಾತ್ರ ಹತ್ತುತ್ತಿತ್ತು. ಅಕ್ಟೋಬರಿನಲ್ಲಿ, ಹೊಲಗಳಲ್ಲಿ ಜೋಳ ಮೊಳಕೆ ಒಡೆಯುವ ಹೊತ್ತಿಗೆ, ಅವ್ವನನ್ನು ಮಸ್ಕಿಯಲ್ಲೇ ಮಣ್ಣು ಮಾಡಿದೆವು.

ಅಕ್ಕ ಯಾರಿಗಾಗಿ ಉಳಿದಿದ್ದಳೋ ಆಕೆ ವರ್ಷ ತುಂಬುವ ಮೊದಲೇ ಹೋದಳು. ಅಕ್ಕನಿಗೆ ಆಗಸ್ಟಿನಲ್ಲೇ ಮೂವತ್ತೈದು ತುಂಬಿತ್ತು. ಮಣ್ಣು ಮಾಡಿ ಬಂದ ಮಧ್ಯಾಹ್ನ ಅವಳು ಅವ್ವನ ಪಟ್ಟಿ, ಹತ್ತಿ, ಔಷಧದ ಬಾಟಲಿಗಳನ್ನು ಒಂದು ಡಬ್ಬಕ್ಕೆ ತುಂಬುತ್ತಾ ಕುಳಿತಿದ್ದಳು. ನಾನು ಎದುರಿಗೆ ಕುಳಿತು ಬಾಟಲಿಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದೆ.

ಅವಳೇ ಅಂದಳು: "ಜೂನ್‌ನಾಗ ಹೋಗಿದ್ರ ಅವ್ವನ ಕೊನೀ ಹೊತ್ತಿಗೆ ನಾ ಇರ್ತಿದ್ದಿಲ್ಲ. ಅದಕ್ಕ ಇರು ಅಂದಿದ್ದ ನೋಡು. ಆಗ ತಿಳಿದಿದ್ದಿಲ್ಲ. ಈಗ ತಿಳೀತು."

ಇಷ್ಟು ಸಮಾಧಾನದ ಮುಖ ನಾನು ಯಾರದೂ ನೋಡಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಕ್ರಿಸ್‌ಮಸ್ಸಿಗೆ ನಾನು ಮಸ್ಕಿಗೆ ಬಂದೆ. ವರ್ಷದ ಕೊನೆಯ ಭಾನುವಾರ ನಮ್ಮಲ್ಲಿ ಸಾಕ್ಷಿ ಹೇಳುವ ದಿನ. ದೇವರು ಆ ವರ್ಷ ತನ್ನ ಬಾಳಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳಬೇಕು. ಅಯ್ಯನವರು ಅಕ್ಕನನ್ನು ಕರೆದರು. ಮಂದಿಯ ಮುಂದೆ ಮಾತು ಬಾರದ ಅಕ್ಕ ಮುಂದೆ ಹೋಗಿ ನಿಂತಳು. ನಾನು ನನ್ನ ದಾರಿ ಗೊತ್ತುಮಾಡಿಕೊಂಡಿದ್ದೆ, ಆತ ಬೇರೆ ದಾರಿ ತೋರಿಸಿದ, ಬಿಟ್ಟುಕೊಟ್ಟೆ, ಬಿಟ್ಟುಕೊಟ್ಟ ಮೇಲೆ ನನಗೆ ಭಾರವಿಲ್ಲ ಎಂದು ಹೇಳಿದಳು. ಆಮೆನ್ ಎಂದರು ಮಂದಿ. ಎಸ್ತೇರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಯ್ಯನವರು ಆ ದಿನದ ಪ್ರಸಂಗವನ್ನೇ ಅದರ ಮೇಲೆ ಕಟ್ಟಿದರು. ನಮ್ಮ ಯೋಜನೆಯನ್ನು ದೇವರ ಪಾದಕ್ಕೆ ಅರ್ಪಿಸುವುದೆಂದರೆ ಇದು ಎಂದರು. ಅಕ್ಕ ಅರ್ಪಿಸಿದ್ದು ಖರೆ. ತೆಗೆದುಕೊಂಡವಳು ನಾನು.

ಮರುದಿನ ಮಧ್ಯಾಹ್ನ ಅಕ್ಕ ಹಳೆಯ ಲಗ್ನಪತ್ರಿಕೆಗಳ ಕಟ್ಟು ತಂದು ನನ್ನ ಮುಂದೆ ಇಟ್ಟಳು. "ಈ ಸಲಾನೂ ನೀನ ಬರೀಬೇಕಂತ. ನಿನ್ನ ಅಕ್ಷರಾನ ಬೇಕಂತ ಎಲ್ಲಾರಿಗೂ," ಎಂದು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸಲು ಕುಳಿತಳು.

ನಾನು ಹೇಳಿದೆ. ಕಂಬದ ಮರೆ, ಮೂರು ಚೀಟಿ, ಬಚ್ಚಲ ಒಲೆ, ಎಲ್ಲ ಹೇಳಿದೆ. ಹೇಳುತ್ತಾ ನನ್ನ ಎದೆ ಹಗುರಾಗುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು, ಅದಕ್ಕೂ ನಾಚಿಕೆಯಾಯಿತು. ಅಕ್ಕ ಮೊರದಿಂದ ಕಣ್ಣೆತ್ತಲಿಲ್ಲ. ಬೆರಳು ಮಾತ್ರ ನಿಂತಿತ್ತು.

"ನನ್ನ ಕೇಳಬೇಕಾಗಿತ್ತಲ್ಲಬೇ," ಎಂದಳು. "ಅಕ್ಕಾ, ಹೋಗಬ್ಯಾಡ, ನನ್ನ ಲಗ್ನ ನಿಲ್ತದ ಅಂದಿದ್ರ ಇರ್ತಿದ್ದೆ. ನಿನ್ನ ಸಲುವಾಗಿ ಇರ್ತಿದ್ದೆ. ದೇವರನ್ನ ಯಾಕ ನಡುವ ತಂದಿ?"

ಅವಳು ಬೈದಿದ್ದರೆ, ಮೊರ ಎತ್ತಿ ಎಸೆದಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆ. ಅವಳ ಮುಖ ನೋಡಿದೆ. ಅಕ್ಟೋಬರಿನಲ್ಲಿ ಅಲ್ಲಿದ್ದ ಸಮಾಧಾನ ಈಗ ಇರಲಿಲ್ಲ. ಸೀಟು ಹೋಗಿತ್ತು, ಅವ್ವ ಹೋಗಿದ್ದಳು, ಅವಳ ಹತ್ತಿರ ಉಳಿದದ್ದು ಅದೊಂದೇ. ಅದನ್ನೂ ನಾನು ನನ್ನ ಎದೆ ಹಗುರ ಮಾಡಿಕೊಳ್ಳಲು ಕಿತ್ತುಕೊಂಡಿದ್ದೆ.

"ಎಸ್ತೇರಮ್ಮಗ ಹೇಳಬ್ಯಾಡ," ಎಂದಳು. "ಆಕಿ ಅದನ್ನ ಹಿಡ್ಕೊಂಡ ಕುಂತಾಳ."

"ಹೂಂ."

"ಒಲ್ಯಾಗ ಹಾಕಿದ್ದು ಎಷ್ಟಿದ್ವು?"

"ಹನ್ನೊಂದು."

"ಓದಿದ್ದಿಲ್ಲೇನು?"

"ಇಲ್ಲಕ್ಕಾ."

ಅಕ್ಕ ಮೊರ ಕೆಳಗಿಟ್ಟಳು. "ಅದರಾಗ ಒಂದು ನಂದಿತ್ತು," ಎಂದಳು.

ಆ ಹೊಸ ವರ್ಷದ ಚೀಟಿಗಳನ್ನು ನಾನು ಬರೆಯಲಿಲ್ಲ, ಕೈ ನೋವೆಂದು ಅಯ್ಯನವರಿಗೆ ಹೇಳಿ ಕಳಿಸಿದೆ. ಅಕ್ಕ ಜನವರಿಯ ತುಂಬ ಒಂದು ಕೆಲಸ ಹಿಡಿದಳು. ದವಾಖಾನೆಯಿಂದ ಬರುವಾಗ ಸಭೆಯ ಒಂದೊಂದು ಮನೆಗೆ ಹೋಗಿ, ಹೋದ ವರ್ಷ ನಿನಗೆ ಯಾವ ವಾಗ್ದಾನ ಬಂದಿತ್ತು ಎಂದು ಹೆಂಗಸರನ್ನು ಕೇಳಿ ಬರೆದುಕೊಂಡಳು. ಗೋಡೆಯ ಮೇಲೆ ಇನ್ನೂ ಅಂಟಿಸಿದ್ದವರಿದ್ದರು, ಅಲಮಾರಿಯಿಂದ ಹುಡುಕಿ ತಂದುಕೊಟ್ಟವರಿದ್ದರು, ಬಾಯಲ್ಲೇ ಹೇಳಿದವರಿದ್ದರು. ಯಾಕೆಂದು ಕೇಳಿದರೆ "ಸುಮ್ನ" ಎನ್ನುತ್ತಿದ್ದಳು. ಮಾತ್ರೆ ಕೊಟ್ಟ ಹೊತ್ತು ಬರೆದಿಡುವ ಅವಳ ನೇಮದಲ್ಲೇ ಹೆಸರು, ವಾಕ್ಯ, ಸಾಲಾಗಿ ಬರೆದಿದ್ದಳು. ಆಮೇಲೆ ಸಿಂಧನೂರಿಗೆ ಬಂದು, ಸಂಪತ್ ಮಿಲ್ಲಿಗೆ ಹೋದ ಮೇಲೆ, ನನ್ನ ಮುಂದೆ ಕಾಗದ ಪೆನ್ನು ಇಟ್ಟಳು.

"ನೀ ಬರೆದ ನಲವತ್ತೂ ನೆನಪು ಮಾಡ್ಕೋ," ಎಂದಳು.

ಇಡೀ ದಿನ ಕುಳಿತೆ. ಯಾವ ವಾಕ್ಯ ಬರೆಯಬೇಕೆಂದು ಅಯ್ಯನವರು ಗುರುತು ಹಾಕಿಕೊಟ್ಟಿದ್ದ ಹಾಳೆ ಎಂದೋ ಕಸಕ್ಕೆ ಹೋಗಿತ್ತು. ವೇದ ತಿರುವುತ್ತಾ ಒಂದೊಂದೇ ಬರೆದೆ. ಬಂದದ್ದು ಮೂವತ್ತೆಂಟು. ಅಕ್ಕ ತನ್ನ ಪಟ್ಟಿಯಲ್ಲಿದ್ದವನ್ನು ಹೊಡೆದುಹಾಕಿದಳು, ಆ ವರ್ಷ ನಾನು ಎತ್ತಿಕೊಂಡಿದ್ದ ನನ್ನ ವಾಗ್ದಾನವನ್ನೂ ಹೊಡೆದುಹಾಕಿದಳು. ಒಂಬತ್ತು ಉಳಿದವು. ಬೆರಳಿಟ್ಟು ಒಂದೊಂದನ್ನೇ ನಿಧಾನವಾಗಿ ಓದಿದಳು. ಭಯಪಡಬೇಡ ಎಂಬುದಿತ್ತು, ಕಣ್ಣೀರು ಒರೆಸುವೆನು ಎಂಬುದಿತ್ತು, ರೊಟ್ಟಿಯ ಮಾತಿತ್ತು. ಹೋಗು ಎಂಬುದೂ ಇರಲಿಲ್ಲ, ಇರು ಎಂಬುದೂ ಇರಲಿಲ್ಲ.

"ಉಳಿದ ಎರಡರಾಗ ಇರಬೇಕು," ಎಂದು ಕಾಗದ ಮಡಚಿಕೊಂಡು ಬಸ್ಸಿಗೆ ಹೊರಟಳು.

ಅಕ್ಕ ಚರ್ಚು ಬಿಟ್ಟಿಲ್ಲ, ಪ್ರಾರ್ಥನೆ ಬಿಟ್ಟಿಲ್ಲ. ಅದೇ ದವಾಖಾನೆಗೆ ಹೋಗುತ್ತಾಳೆ, ಊರಿಗೆಲ್ಲ ಇನ್ನೂ ಸಿಸ್ಟರ್ ಅವಳೇ. ಜನವರಿ ಒಂದರಂದು ತಟ್ಟೆ ಬಂದಾಗ ಮಾತ್ರ ಕೈ ಚಾಚುವುದಿಲ್ಲ, ಪಕ್ಕದವರಿಗೆ ದಾಟಿಸುತ್ತಾಳೆ. ಯಾರಾದರೂ ಕೇಳಿದರೆ "ನಂದು ಹಳೇದ ಬಾಕಿ ಐತಿ" ಎನ್ನುತ್ತಾಳಂತೆ. ಎಸ್ತೇರಮ್ಮನ ಮಗಳು ಬರಲಿಲ್ಲ. ಎಸ್ತೇರಮ್ಮ ಹೋದ ವರ್ಷ ತೀರಿಹೋದಳು. ಆಕೆಯ ಚೀಟಿಯನ್ನು ಅಕ್ಕನೇ ಆಕೆಯ ಕೈಯೊಳಗಿಟ್ಟು ಪೆಟ್ಟಿಗೆ ಮುಚ್ಚಿಸಿದಳೆಂದು ಗೌರಕ್ಕ ಹೇಳಿದರು.

ಆ ಎರಡು ವಾಕ್ಯ ನನಗೆ ಇವತ್ತಿಗೂ ನೆನಪಾಗಿಲ್ಲ. ಈಗ ನಾವಿರುವ ಲಿಂಗಸುಗೂರಿನ ಮನೆಯಲ್ಲಿ ಅನ್ನಕ್ಕೆ ನೀರಿಡುವಾಗ, ಮಗಳ ಜಡೆ ಹಾಕುವಾಗ, ಬಸ್ಸಿನ ಕಿಟಕಿಯ ಹತ್ತಿರ ಕುಳಿತಾಗ ಹುಡುಕುತ್ತೇನೆ. ಎಷ್ಟೋ ಸಲ ಒಂದು ಯೋಚನೆ ಬರುತ್ತದೆ. ಅಕ್ಕನಿಗೆ ನೆಮ್ಮದಿ ಕೊಡುವಂಥ ಒಂದು ವಾಕ್ಯವನ್ನು ನಾನೇ ಆರಿಸಿ, ಇದೇ ನೋಡು, ನೆನಪಾಯಿತು ಎಂದು ಹೇಳಿಬಿಟ್ಟರೆ ಅವಳು ನಂಬುತ್ತಾಳೆ. ಎದ್ದು ಮುಖ ತೊಳೆದುಕೊಂಡು ಬರುತ್ತೇನೆ. ದೇವರ ಬಾಯಿಗೆ ಇನ್ನೊಮ್ಮೆ ನನ್ನ ಮಾತು ಹಾಕಲಾರೆ.

ಕಳೆದ ಡಿಸೆಂಬರಿನಲ್ಲೂ ಅಕ್ಕ ನನಗೆ ಊಟಕ್ಕೆ ಹಾಕಿ, ನಾನು ಉಂಡು ಕೈ ತೊಳೆಯುವ ತನಕ ತಾಳಿಕೊಂಡು ಕುಳಿತಿದ್ದಳು. ಆಮೇಲೆ ಟ್ರಂಕಿನಿಂದ ಆ ವಾಗ್ದಾನಗಳ ಪಟ್ಟಿ ತೆಗೆದು ಮೊಣಕಾಲ ಮೇಲೆ ಹರಡಿಕೊಂಡಳು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿಯಲು ಬಂದಿತ್ತು.

"ನೆನಪಾತೇನು?" ಎಂದಳು.

"ಇಲ್ಲಕ್ಕಾ."

ಅವಳು ನನ್ನ ಮುಖವನ್ನೇ ನೋಡಿದಳು. ನಾನೂ ಕಣ್ಣು ತಪ್ಪಿಸಲಿಲ್ಲ.

"ಖರೇ ಹೇಳಾಕತ್ತಿ," ಎಂದಳು. ಆಮೇಲೆ ಪಟ್ಟಿಯನ್ನು ಹುಷಾರಾಗಿ ಮಡಚಿ ಮತ್ತೆ ಟ್ರಂಕಿನೊಳಗೆ ಇಟ್ಟಳು.